ನನ್ನ ಹೆಂಡತಿ ಬದುಕಿದ್ದಾಳೆ, ಮಾನ್ಯರೇ

ಊರೂರಿನ ತಿಂಡಿಗಳನ್ನು ಮೊಬೈಲಿನಲ್ಲಿ ತೋರಿಸಿ ಲಕ್ಷಾಂತರ ಜನರ ಬಾಯಲ್ಲಿ ನೀರೂರಿಸುವ, ನನ್ನ ವಿಷಯದಲ್ಲಿ ಮಾತ್ರ ಅವರ ಕಣ್ಣಲ್ಲಿ ನೀರು ತರಿಸಿದ ಶ್ರೀ ಪ್ರಶಾಂತ ಅವರ ಸನ್ನಿಧಿಗೆ, ಸವಣೂರು ಬಸ್ ನಿಲ್ದಾಣದ ಎದುರು ಮಿರ್ಚಿಬಜಿ ಕರಿಯುವ ಅಲ್ಲಾಭಕ್ಷನು ಎಣ್ಣೆಗೈಯನ್ನು ಒರೆಸಿಕೊಂಡು ಮಾಡುವ ಸಲಾಮುಗಳು.

ಮಾನ್ಯರೇ,

ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ದೊಡ್ಡವರಿಗೆ ಪತ್ರ ಬರೆಯುವಾಗ ಮೊದಲು ಅವರ ಉಪಕಾರವನ್ನು ನೆನೆಯಬೇಕೆಂದು ಗುರುಗಳು ಕಲಿಸಿದ್ದರು. ಆದ್ದರಿಂದ ಮೊದಲಿಗೆ, ಎರಡು ನಿಮಿಷ ನಲವತ್ತು ಸೆಕೆಂಡಿನಲ್ಲಿ ನನ್ನನ್ನು ಪ್ರಸಿದ್ಧನನ್ನಾಗಿಯೂ ವಿಧುರನನ್ನಾಗಿಯೂ ಮಾಡಿದ ತಮ್ಮ ಕೈಚಳಕಕ್ಕೆ ವಂದನೆಗಳು.

ತಾವು ಬಂದ ದಿನ ನನ್ನ ಹೆಂಡತಿ ಮಾಬೂಬಿ ತಂಗಿಯ ಮೊಮ್ಮಗುವನ್ನು ನೋಡಲು ಹಾನಗಲ್ಲಿಗೆ ಹೋಗಿದ್ದಳು. ದಿನವೂ ಹಿಟ್ಟು ಕಲಸಿ, ಮಂಡಕ್ಕಿಗೆ ಉಳ್ಳಾಗಡ್ಡಿ ಹೆಚ್ಚಿ ಕೊಡುವವಳು ಅವಳು. ನಾನು ಕರಿಯುವವನು ಅಷ್ಟೇ. ಅಂದು ಎಲ್ಲವೂ ನನ್ನ ಪಾಲಿಗೆ ಬಂದು, ಉಳ್ಳಾಗಡ್ಡಿ ಹೆಚ್ಚಿ ಕಣ್ಣು ಉರಿಯುತ್ತಿತ್ತು, ಮೆಣಸಿನಕಾಯಿ ಸೀಳಿದ ಕೈಯಿಂದಲೇ ಅದನ್ನು ಒರೆಸಿಕೊಂಡಿದ್ದೆ. ಆ ಸುಸಮಯದಲ್ಲಿ ತಾವು ಕ್ಯಾಮೆರಾ ಹಿಡಿದು, ಈ ಅಡುಗೆ ಯಾರು ಕಲಿಸಿದರೆಂದು ಕೇಳಿದಿರಿ.

“ನಮ್ಮ ಮನಿಯಾಕಿ ಕಲಿಸಿದ್ದುರಿ. ಆಕಿ ಕೈಗುಣ ನನಗ ಬರೂದಿಲ್ಲ,” ಎಂದೆ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು.

“ಅವರು...?” ಎಂದು ತಾವು ಮೆಲ್ಲಗೆ ಕೇಳಿದಿರಿ.

“ಆಕಿ ಈಗ ಇಲ್ರಿ,” ಎಂದೆ.

ಹಾನಗಲ್ಲಿಗೆ ಹೋಗಿದ್ದಾಳೆ ಎನ್ನುವಷ್ಟರಲ್ಲಿ ತಾವು ನನ್ನ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾದ ಕಡೆ ತಿರುಗಿದ್ದಿರಿ. ಮೂರು ಮಿರ್ಚಿ ಸೀಯುತ್ತಿದ್ದುದರಿಂದ ನಾನೂ ಕಡಾಯಿಯ ಕಡೆ ತಿರುಗಿದೆ. ನಮ್ಮಿಬ್ಬರ ಸಂಭಾಷಣೆ ಅಲ್ಲಿಗೆ ಮುಗಿಯಿತು.

ಮರುದಿನ ಜಗತ್ತು ನೋಡಿದ್ದು ‘ಅಗಲಿದ ಹೆಂಡತಿಯ ನೆನಪಿನಲ್ಲಿ ಅಳುತ್ತಲೇ ಮಿರ್ಚಿ ಕರಿಯುವ ಸವಣೂರಿನ ಕಾಕಾ’ ಎಂಬ ವಿಡಿಯೊವನ್ನು. ಹಿಂದೆ ಕೊಳಲಿನ ನಾದವನ್ನೂ ಹಾಕಿದ್ದಿರಿ. ಪರಿಚಯವಿಲ್ಲದ ಹೆಣ್ಣುಮಗಳಿಗೆ ಅಷ್ಟು ಒಳ್ಳೆಯ ಕೊಳಲು ಯಾರು ಊದಿಸುತ್ತಾರೆ ಹೇಳಿ.

ಮೊದಲು ಬಂದವನು ಬಂಕಾಪುರದಲ್ಲಿರುವ ನನ್ನ ಭಾವಮೈದುನ ಹಜರತಅಲಿ. ತಂಗಿ ಸತ್ತ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ, ಅಳುತ್ತ ಬಂದು ಬಾಗಿಲು ಬಡಿದನು. ಹಿಂದಿನ ಸಂಜೆಯಷ್ಟೇ ಹಾನಗಲ್ಲಿನಿಂದ ಬಂದಿದ್ದ ಮಾಬೂಬಿ ಬಾಗಿಲು ತೆರೆದಳು. ಅವನು ಹೊಸ್ತಿಲ ಮೇಲೆಯೇ ಕುಸಿದು ಕುಳಿತ. “ಯಾಕ ಅಣ್ಣಾ, ಬಿಸಲಾಗ ಬಂದಿ? ಚಾ ಹಾಕ್ಲೇನು?” ಎಂದು ದಿವಂಗತಳು ಕೇಳಿದಳು.

ಆ ದಿನ ಅವಳೂ ನಕ್ಕಳು. ಮರುದಿನ ನಮ್ಮ ಮಿರ್ಚಿ ಗಾಡಿಗೆ ಬಂದಮೇಲೆ ನಗು ನಿಂತಿತು. ಹಾವೇರಿ, ಹುಬ್ಬಳ್ಳಿ, ದಾವಣಗೆರೆಗಳಿಂದ ಬಂದ ಜನ ನನ್ನನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಮಾಬೂಬಿಯನ್ನು ತೋರಿಸಿ ದಾವಣಗೆರೆಯ ಒಬ್ಬ ತಾಯಿ, “ಇವರ್ಯಾರು?” ಎಂದರು. ನಮ್ಮ ಮನಿಯವರು ಎಂದೆ. ಅವರು ಕೈಯಲ್ಲಿದ್ದ ಮಿರ್ಚಿಯನ್ನು ಕೆಳಗಿಟ್ಟು, “ಇಷ್ಟು ಬೇಗ ಇನ್ನೊಂದು ಮದುವೆನಾ?” ಎಂದು ನನ್ನನ್ನು ನೋಡಿದ ನೋಟವಿದೆಯಲ್ಲ, ಅದು ತಮ್ಮ ವಿಡಿಯೊದಲ್ಲಿ ಸೇರದೆ ಹೋದದ್ದು ಕಲೆಗೆ ದೊಡ್ಡ ನಷ್ಟ.

ಅಂದು ಮನೆಗೆ ಹೋದ ಮಾಬೂಬಿ ಪಕ್ಕದ ಮನೆಯ ನಿಖತಳ ಮೊಬೈಲಿನಲ್ಲಿ ಆ ವಿಡಿಯೊವನ್ನು ಪೂರ್ತಿ ನೋಡಿದಳು. ನಂತರ ನನ್ನೆದುರು ಬಂದು ಹೇಳಿದಳು: “ನನ್ನ ಕೈಗುಣ ನಿಮಗ ಬರೂದಿಲ್ಲ ಅಂತ ಅವರ ಮುಂದ ಅಂದ್ರಿ. ಮೂವತ್ತೊಂದು ವರ್ಷ ಆತು, ನನ್ನ ಮುಂದ ಒಮ್ಮಿನೂ ಅಂದಿಲ್ಲ. ಸತ್ತಾಕಿಗೆ ಸಿಕ್ಕ ಮಾತು ಇದ್ದಾಕಿಗೆ ಸಿಗಲಿಲ್ಲ. ಹಂಗಾರ ನಾ ಸತ್ತೇನಿ ಅಂತ ತಿಳೀರಿ. ನಾಳಿಂದ ಹಿಟ್ಟು ನೀವ ಕಲಸ್ಕೋರಿ.”

ಸತ್ತವಳಂತೆಯೇ ನಡೆದುಕೊಂಡಳು. ಹಿಟ್ಟು ಕಲಸಲಿಲ್ಲ, ಗಾಡಿಗೆ ಬರಲಿಲ್ಲ, ಚಹಾ ಸಹ ಮಾಡಲಿಲ್ಲ. ಮೂರನೆಯ ದಿನ ರಾಜಿಯಾಗಲೆಂದು “ಚಾ ಭಾಳ ಚಲೋ ಆಗೇತಿ” ಎಂದು ಹೊಗಳಿದೆ. ಅದನ್ನು ಮಾಡಿದವನು ನಾನೇ ಎಂದು ಆಮೇಲೆ ಹೊಳೆಯಿತು.

ನನ್ನ ಕೈಯ ಹಿಟ್ಟು ಒಂದು ದಿನ ಗೋಡೆಗೆ ಬಳಿಯುವಷ್ಟು ಗಟ್ಟಿ, ಇನ್ನೊಂದು ದಿನ ಮಜ್ಜಿಗೆಯಷ್ಟು ತೆಳು. ತಮ್ಮ ಅಭಿಮಾನಿಗಳು ಅದನ್ನೂ ಕಣ್ಣೊರೆಸಿಕೊಳ್ಳುತ್ತ ತಿಂದು ಹೊಗಳಿದರು. ಆದರೆ ಹಿರೇಕೆರೂರು ಬಸ್ಸಿನ ಕಂಡಕ್ಟರ್ ರುದ್ರೇಶ, ಒಂಬತ್ತು ವರ್ಷದಿಂದ ಬಸ್ಸು ನಿಂತಷ್ಟು ಹೊತ್ತಿನಲ್ಲೇ ಎರಡು ಮಿರ್ಚಿ ತಿಂದು ಹೋಗುವವನು, ಜನರನ್ನು ಸೀಳಿಕೊಂಡು ಬಂದು ಒಂದು ತುತ್ತು ಕಚ್ಚಿದ. “ಕಾಕಾ, ಕಾಕಿಗೆ ಆರಾಮಿಲ್ಲೇನು?” ಎಂದ. ನಾನು ತಲೆ ತಗ್ಗಿಸಿದೆ. ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಅಲ್ಲೇ ಇಟ್ಟು ಅವನು ಬಸ್ಸು ಹತ್ತಿದ. ಆ ಕಾಗದವನ್ನು ಬಿಸಾಡಲು ನನಗೆ ಕೈ ಬರಲಿಲ್ಲ.

ಆಗಲೇ ತಮಗೆ ಫೋನು ಮಾಡಿದ್ದು. ನನ್ನ ಹೆಂಡತಿಯನ್ನು ದಯವಿಟ್ಟು ಬದುಕಿಸಿಕೊಡಿ ಎಂದೆ. “ಅಂಕಲ್, ಜನ ಎಷ್ಟು ಕನೆಕ್ಟ್ ಆಗಿದಾರೆ ಗೊತ್ತಾ? ಬದುಕಿದಾರೆ ಅಂದ್ರೆ ಯಾರು ನೋಡ್ತಾರೆ?” ಎಂದಿರಿ. ಅಷ್ಟಕ್ಕೇ ಬಿಡದೆ, ನಾನು ಅವಳ ಸಮಾಧಿಗೆ ಮಿರ್ಚಿ ಇಡುವ ಎರಡನೆಯ ಭಾಗವನ್ನು ಮಾಡೋಣವೆಂದೂ ಹೇಳಿದಿರಿ. ಸಮಾಧಿ ಎಲ್ಲಿದೆ ಎಂದು ಕೇಳುವ ಸೌಜನ್ಯವನ್ನೂ ತೋರಿದಿರಿ.

ಮರುದಿನ ಸಂಜೆ ಗಾಡಿಯ ಮುಂದೆ ಜನ ಕಿಕ್ಕಿರಿದಿದ್ದರು. ನಾನು ಒಲೆ ಸಣ್ಣ ಮಾಡಿ ಮಿರ್ಚಿ ಎತ್ತುವ ಝಾರಿಯನ್ನು ಕೆಳಗಿಟ್ಟೆ. ಜೀವನದಲ್ಲಿ ಒಮ್ಮೆಯೂ ಭಾಷಣ ಮಾಡಿದವನಲ್ಲ. “ಎಲ್ಲಾರೂ ಸ್ವಲ್ಪ ಕೇಳ್ರಿ. ನನ್ನ ಹೇಣ್ತಿ ಸತ್ತಿಲ್ಲ, ಮನ್ಯಾಗ ಅದಾಳ. ಈ ಗಾಡಿಗೆ ಹೆಸರು ಬಂದಿದ್ದು ಆಕಿ ಹಿಟ್ಟಿನಿಂದ. ನಾ ಬರೇ ಎಣ್ಯಾಗ ಬಿಡಾಂವ. ಆಕಿ ಇಲ್ಲಂದ್ರ ನನಗ ಏನೂ ಬರೂದಿಲ್ರಿ,” ಎಂದೆ. ಹೇಳುತ್ತಲೇ ಕಣ್ಣು ಒರೆಸಿಕೊಂಡೆ. ಅಂದು ನಾನು ಉಳ್ಳಾಗಡ್ಡಿ ಮುಟ್ಟಿರಲಿಲ್ಲ.

“ಇದನ್ನ ಇಷ್ಟು ವರ್ಷ ಯಾಕ ಹೇಳಲಿಲ್ಲ?” ಎಂದು ಹಿಂದಿನಿಂದ ಒಂದು ಧ್ವನಿ ಕೇಳಿತು. ಸಂತೆಯ ಚೀಲ ಹಿಡಿದು ಮಾಬೂಬಿ ನಿಂತಿದ್ದಳು.

“ಅಂಜಿಕಿ ಬರ್ತಿತ್ತು,” ಎಂದೆ.

“ಯಾರದು?”

“ನಿಂದ.”

ಅವಳು ಗಾಡಿಯ ಹಿಂದೆ ಬಂದು, ಬೋಗುಣಿಯಲ್ಲಿದ್ದ ಹಿಟ್ಟಿಗೆ ಬೆರಳದ್ದಿ ನೋಡಿ, ಮುಖ ಸಿಂಡರಿಸಿ, ಅದನ್ನು ಅಷ್ಟೂ ತೆಗೆದಿಟ್ಟು ಹೊಸದಾಗಿ ಕಲಸತೊಡಗಿದಳು. ತಮ್ಮ ಅಭಿಮಾನಿಗಳಲ್ಲಿ ಅರ್ಧ ಜನ ಮೋಸವಾಯಿತೆಂದು ಬೈಯುತ್ತ ಹೊರಟುಹೋದರು. ಒಬ್ಬ ತರುಣ ಮಾತ್ರ, ಕಾಕಿ ಯಾವಾಗ ತೀರಿಕೊಳ್ಳಬಹುದೆಂಬ ಅರ್ಥದಲ್ಲಿ ಅವಳ ವಯಸ್ಸು ಕೇಳಿ ಹೋದ. ಈಗ ಗಾಡಿಯ ಮುಂದೆ ತಮ್ಮ ವಿಡಿಯೊಗೂ ಮೊದಲಿನಷ್ಟೇ ಜನರಿದ್ದಾರೆ. ರುದ್ರೇಶ ನಿನ್ನೆ ಮೂರು ತಿಂದು, ಬಸ್ಸನ್ನು ಎರಡು ನಿಮಿಷ ತಡ ಮಾಡಿದ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಎರಡು. ಮಾಬೂಬಿಗಾಗಿ ಅತ್ತ ಹನ್ನೆರಡು ಲಕ್ಷ ಜನರ ಕಣ್ಣೀರನ್ನು ದಯವಿಟ್ಟು ಅವರವರ ಮನೆಗೆ ತಲುಪಿಸತಕ್ಕದ್ದು. ಕತೆಗೆ ಒಂದು ಸಾವು ಬೇಕೇ ಬೇಕೆಂದಾದರೆ, ಮುಂದಿನ ಬಾರಿ ನಾನೇ ತೀರಿಕೊಂಡೆನೆಂದು ತೋರಿಸಬಹುದು, ನನ್ನ ಅಭ್ಯಂತರವಿಲ್ಲ. ಆಗಲಾದರೂ ಅವಳು ಕ್ಯಾಮೆರಾದ ಮುಂದೆ ನನ್ನ ಬಗ್ಗೆ ಏನು ಹೇಳುತ್ತಾಳೆಂದು ಕೇಳುವ ಆಸೆ ನನಗೂ ಇದೆ.

ಸಂಸಾರಸಮೇತನಾಗಿ ಪುನಃ ಅಪ್ರಸಿದ್ಧನಾಗಿರುವ,
ತಮ್ಮ ವಿಶ್ವಾಸಿ,
ಅಲ್ಲಾಭಕ್ಷ

ವಿ.ಸೂ.: ತಾವು ಬಂದ ದಿನ ನನ್ನ ಮಿರ್ಚಿಯನ್ನು ಕಣ್ಣುಮುಚ್ಚಿ ಸವಿದು, ಇಂಥ ಹದವಾದ ರುಚಿಯನ್ನು ಕರ್ನಾಟಕದಲ್ಲೇ ಕಂಡಿಲ್ಲ ಎಂದಿರಿ. ಅಂದು ಹಿಟ್ಟಿಗೆ ಉಪ್ಪು ಹಾಕುವುದನ್ನೇ ನಾನು ಮರೆತಿದ್ದೆ. ಇದನ್ನು ತಪ್ಪದೆ ಬರೆಯಬೇಕೆಂದು ದಿವಂಗತಳ ಅಪ್ಪಣೆಯಾಗಿದೆ.