ಎರಡು ವೈಪರು, ಒಂದು ಲೈಸೆನ್ಸು

ಮುದ್ರಣಾಲಯದಲ್ಲಿ ಕರಡು ತಿದ್ದುವ ಆತನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ತಪ್ಪುರಾಯ. ನಾನೂರು ಪುಟದ ಪುಸ್ತಕದಲ್ಲಿ ಒಂದೇ ಒಂದು ಅಲ್ಪವಿರಾಮ ಅತ್ತಿತ್ತ ಸರಿದಿದ್ದರೂ ಸಾಕು, ರಾಯರ ಕಣ್ಣಿಗೆ ಅದು ಹಾಸಿಗೆಯ ತಿಗಣೆಯಂತೆ ಚುಚ್ಚುತ್ತಿತ್ತು. ಇಂಥ ರಾಯರು ಆ ಶನಿವಾರ ಬೆಳಿಗ್ಗೆ ಅಂಗಿಯ ತೋಳು ಮಡಚಿ ಘೋಷಿಸಿಯೇಬಿಟ್ಟರು:

"ವೈಪರ್ ಬದಲಾಯಿಸೋಕೂ ಮೆಕ್ಯಾನಿಕ್ ಬೇಕಾ? ಐದೇ ನಿಮಿಷ! ನಿನ್ನ ಚಹಾ ಆರೋದ್ರೊಳಗೆ ಮುಗಿಸ್ತೀನಿ!"

"ರೀ, ಹನ್ನೊಂದಕ್ಕೆ ನನ್ನ ಟೆಸ್ಟು," ಎಂದಳು ಹೆಂಡತಿ. "ಅದು ನೆನಪಿರ್ಲಿ."

ಮರೆಯುವುದುಂಟೇ! ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳಿಗೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಹೊಸ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು. ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದಳು. ಒಮ್ಮೆ ಕಂಬ ಅಡ್ಡ ಬಂದಿತ್ತು, ಇನ್ನೊಮ್ಮೆ ಧೈರ್ಯ ಕೈಕೊಟ್ಟಿತ್ತು. ಈಗ ನೋಡಿದರೆ ಆಕಾಶದಲ್ಲಿ ಮೋಡ, ಕಾರಿನ ವೈಪರುಗಳ ರಬ್ಬರು ಹರಿದ ಲಾಡಿಯಂತೆ ಜೋತುಬಿದ್ದಿತ್ತು.

ರಾಯರು ವೈಪರಿನ ಕೈಯನ್ನು ಗಾಜಿನಿಂದ ಮೇಲೆತ್ತಿ ನಿಲ್ಲಿಸಿ ಹಳೆಯ ಬ್ಲೇಡಿಗೆ ಕೈಹಾಕಿದರು. ಒತ್ತಿದರು. ಎಳೆದರು. ತಿರುಚಿದರು. ಕೊನೆಗೆ ಬೈದರು. ಬೈಗುಳಕ್ಕೆ ಹೆದರಿತೋ ಏನೋ, ಬ್ಲೇಡು ಇದ್ದಕ್ಕಿದ್ದಂತೆ ಕಳಚಿಕೊಂಡಿತು. ರಾಯರು ಹಿಂದಿದ್ದ ನೀರಿನ ಬಕೆಟ್ಟಿನಲ್ಲಿ ಸಿಂಹಾಸನಾರೂಢರಾದರು! ಬ್ಲೇಡಿಲ್ಲದ ಬೋಳು ಕೈ ಸ್ಪ್ರಿಂಗಿನ ಬಿಗಿತಕ್ಕೆ ಠಪ್ಪೆಂದು ಗಾಜಿನತ್ತ ಬಡಿಯಿತು. ಗಾಜು ಉಳಿದದ್ದು ಹೆಂಡತಿಯ ಪುಣ್ಯದಿಂದ. ಗಂಡನ ಕೈಚಳಕವನ್ನು ಅರ್ಧ ನಿಮಿಷ ನೋಡಿದ ಅವಳು ಒಳಗೆ ಓಡಿ ಒಂದು ದಿಂಬು ತಂದು ಗಾಜಿನ ಮೇಲಿಟ್ಟಿದ್ದಳು.

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಪತ್ರಿಕೆಯಿಂದ ತಲೆಯೆತ್ತಿದರು. "ಏನು ಅಳಿಯಂದಿರೇ, ಕಾರು ಮಲಗ್ತಾ? ನನ್ನ ದಿಂಬು ಕೊಟ್ಟಿದ್ದೀರಲ್ಲ!"

ಬಕೆಟ್ಟಿನಿಂದ ಬಿಡಿಸಿಕೊಳ್ಳುವುದೇ ಆಗ ರಾಯರ ಮುಂದಿದ್ದ ಮಹತ್ಕಾರ್ಯವಾಗಿತ್ತು.

ಹೊಸ ಬ್ಲೇಡುಗಳು ಮಾತ್ರ ಸಾಧುಗಳು. ಕೊಕ್ಕೆಗೆ ಸಿಕ್ಕಿಸಿ ಎಳೆದರೆ ಟಕ್ಕೆಂದು ಕೂತವು. ರಾಯರ ಎದೆ ಉಬ್ಬಿತು. "ಸ್ವಿಚ್ ಹಾಕು!" ಎಂದು ಸೇನಾಪತಿಯಂತೆ ಕೈಯೆತ್ತಿದರು.

ಹೆಂಡತಿ ಹಾಕಿದಳು. ಎರಡೂ ವೈಪರುಗಳು ಎದ್ದವು, ಅರ್ಧ ದಾರಿಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಕಾದಾಟದ ಟಗರುಗಳಂತೆ ಕೊಂಬಿಗೆ ಕೊಂಬು ಹಾಕಿ ನಿಂತವು!

"ಆಫ್ ಮಾಡೇ! ಆಫ್!"

ಗಾಬರಿಯಲ್ಲಿ ಅವಳು ಅದೇ ಸ್ವಿಚ್ಚಿನ ಕಡ್ಡಿಯನ್ನು ತನ್ನತ್ತ ಎಳೆದಳು. ಬಾನೆಟ್ಟಿನಿಂದ ಚಿಮ್ಮಿದ ಸೋಪಿನ ನೀರು ನೇರವಾಗಿ ರಾಯರ ಕನ್ನಡಕಕ್ಕೆ.

"ರೀ, ಒಂದು ಉದ್ದ, ಒಂದು ಗಿಡ್ಡ ಇದೆಯಲ್ವಾ? ಅದಲು ಬದಲು ಆಗಿದೆ!"

"ಅದು... ನನಗೆ ಗೊತ್ತಿತ್ತು. ಸುಮ್ನೆ ಪರೀಕ್ಷೆ ಮಾಡ್ತಿದ್ದೆ."

"ಪರೀಕ್ಷೆ ನನಗೆ, ನಿಮಗಲ್ಲ!"

ಬಿಚ್ಚಿ ಮತ್ತೆ ಹಾಕುವಷ್ಟರಲ್ಲಿ ಗಂಟೆ ಹತ್ತೂವರೆ. ಗಾಜನ್ನು ಬಟ್ಟೆಯಿಂದ ಒರೆಸಿ, ವೈಪರನ್ನು ಒಂದೇ ಸಲ ಆಡಿಸಿ ನೋಡಿ, ಬ್ಲೇಡು ಬಿಚ್ಚುವಾಗ ತರಚಿದ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು ರಾಯರು ಹೆಂಡತಿಯನ್ನು ಕರೆದೊಯ್ದರು.

ಟೆಸ್ಟಿನ ಮೈದಾನದಲ್ಲಿ ಇನ್‌ಸ್ಪೆಕ್ಟರು ಅವಳ ಪಕ್ಕ ಕೂತರು. ರಾಯರು ತಗಡಿನ ಸೂರಿನಡಿ ನಿಂತರು. ಕಾರು ಮೊದಲ ತಿರುವು ದಾಟಿತು, ಕಂಬಗಳನ್ನು ಚೆಂದವಾಗಿ ಬಳಸಿತು. 'ಭೇಷ್!' ಎಂದುಕೊಳ್ಳುತ್ತಿದ್ದಂತೆ ಮಳೆ ಧೋ ಎಂದು ಸುರಿಯಿತು. ವೈಪರುಗಳು ಆಡತೊಡಗಿದವು. ಆಡಿದವು, ಆದರೆ ಒರೆಸಲಿಲ್ಲ! ಗಾಜಿನ ಮೇಲೆ ನೀರು ಗಂಜಿಯಂತೆ ಹರಡಿಕೊಂಡಿತು. ಮೈದಾನದ ನಟ್ಟನಡುವೆ ಕಾರು ನಿಂತಿತು.

ರಾಯರು ಸೂರಿನ ಅಂಚಿಗೆ ಧಾವಿಸಿದರು. ಮೂರನೇ ಸಲವೂ ಹೋಯಿತು. ಈ ಸಲ ತನ್ನಿಂದ! ಅಷ್ಟರಲ್ಲಿ ಕಾರಿನ ನಾಲ್ಕೂ ಮೂಲೆಯ ದೀಪಗಳು ಮಿನುಗಿದವು. ಹೆಂಡತಿ ಕೆಳಗಿಳಿದಳು. ಮಳೆಯಲ್ಲಿ ನೆನೆಯುತ್ತಲೇ ಬಗ್ಗಿ, ಗಾಯದ ಪಟ್ಟಿ ಬಿಚ್ಚುವ ನಾಜೂಕಿನಿಂದ ಒಂದೊಂದು ವೈಪರಿನಿಂದಲೂ ಹಾವಿನ ಪೊರೆಯಂಥ ಉದ್ದನೆಯ ಪ್ಲಾಸ್ಟಿಕ್ ಎಳೆದು ತೆಗೆದಳು. ಒಳಗೆ ಕೂತಳು. ಈಗ ವೈಪರು ಒಮ್ಮೆ ಆಡಿದ್ದೇ ತಡ, ಗಾಜು ಫಳಫಳ!

ಕಾರು ಸುತ್ತು ಮುಗಿಸಿ ಬರುವುದಕ್ಕೂ ರಾಯರು ಮಳೆಯಲ್ಲಿ ಓಡಿಬಂದು ಅಡ್ಡ ನಿಲ್ಲುವುದಕ್ಕೂ ಸರಿಹೋಯಿತು.

"ಸಾರ್, ಅವಳದೇನೂ ತಪ್ಪಿಲ್ಲ! ವೈಪರ್ ಹಾಕಿದ್ದು ನಾನು!"

ಇನ್‌ಸ್ಪೆಕ್ಟರು ರಾಯರ ಒದ್ದೆ ಪ್ಯಾಂಟನ್ನೂ ಹೆಬ್ಬೆರಳ ಪಟ್ಟಿಯನ್ನೂ ನೋಡಿದರು. "ನೋಡಿದ್ರೇ ಗೊತ್ತಾಗುತ್ತೆ ಬಿಡಿ. ಯಾಕ್ರೀ ಕಿರುಚ್ತೀರಿ? ಪಾಸಾಗಿದ್ದಾರೆ."

"ಪಾಸಾ?"

"ದಾರಿ ಕಾಣದಾಗ ಎಲ್ಲರೂ ಅಂದಾಜಿನ ಮೇಲೆ ಓಡಿಸ್ತಾರೆ. ಇವರು ನಿಲ್ಲಿಸಿದ್ರು, ದೀಪ ಹಾಕಿದ್ರು, ಏನಾಗಿದೆ ಅಂತ ನೋಡಿದ್ರು. ಇಂಥವರಿಗೆ ಕೊಡದೆ ಇನ್ಯಾರಿಗ್ರೀ ಲೈಸೆನ್ಸ್ ಕೊಡೋದು?"

ಮನೆಗೆ ಹೊರಟಾಗ ಸ್ಟಿಯರಿಂಗು ಅವಳ ಕೈಯಲ್ಲೇ ಇತ್ತು. ಸೀರೆಯ ಸೆರಗು ಹಿಂಡುವಷ್ಟು ನೆಂದಿದ್ದರೂ ಮುಖದಲ್ಲಿ ಬೆಳಕಿತ್ತು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹಿಂದಿನ ಸೀಟಿನಿಂದ ಬ್ಲೇಡಿನ ಡಬ್ಬ ತೆಗೆದು ಗಂಡನ ಮಡಿಲಿಗೆ ಹಾಕಿದಳು.

"ರಬ್ಬರಿನ ಮೇಲಿರೋ ಹೊದಿಕೆ ತೆಗೀಬೇಕು ಅಂತ ಇದರ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಓದಲಿಲ್ವೇನ್ರೀ?"

"ಓದಿದೆ ಕಣೇ," ರಾಯರು ಕಿಟಕಿಯಾಚೆ ನೋಡುತ್ತ ಸಣ್ಣಗೆ ಅಂದರು. "ಆ ವಾಕ್ಯದಲ್ಲಿ ಎರಡು ಅಚ್ಚಿನ ತಪ್ಪಿದ್ವು."

ಹಸಿರು ದೀಪ ಬಿತ್ತು. ಅವಳು ನಗು ತಡೆಯಲಾರದೆ ಗೇರ್ ಹಾಕಿದಳು.

"ಮೂರನೇದು ಪಕ್ಕದ ಸೀಟಲ್ಲಿದೆ. ಬೆಲ್ಟ್ ಹಾಕ್ಕೊಳ್ಳಿ!"