ಅವಳು ತಣ್ಣಗಾಗಲಿ

ಎಲ್ಲ ಶುರುವಾದದ್ದು ಕಾರು ಮಾರಿದವನ ಒಂದು ಮಾತಿನಿಂದ. ಬೀಗದ ಕೈಯನ್ನು ರಸ್ಸೆಲ್ ಟಿಪ್ಪೆಟ್‌ನ ಅಂಗೈಯಲ್ಲಿಟ್ಟು, ಬಿಡಲಾರದೆ ಇನ್ನೂ ಒಂದು ತುದಿಯನ್ನು ಹಿಡಿದುಕೊಂಡೇ ಅವನು ಹೇಳಿದ್ದ: "ನೋಡು ಮಾರಾಯ, ಇವಳು ಟರ್ಬೊ. ಏರು ಹತ್ತಿ ಬಂದ ತಕ್ಷಣ ಆರಿಸಿಬಿಡಬೇಡ. ಸ್ವಲ್ಪ ಹೊತ್ತು ಹಾಗೇ ಗುರುಗುಡ್ತಾ ಇರ್ಲಿ, ತಣ್ಣಗಾಗ್ಲಿ. ಇಲ್ಲಾಂದ್ರೆ ಒಳಗಿನ ಎಣ್ಣೆ ಸುಟ್ಟು ಇವಳ ಕತೆ ಮುಗೀತು."

ರಸ್ಸೆಲ್‌ನ ಮನೆ ಟುವೂಂಬಾ ಎಂಬ ಊರಿನಲ್ಲಿ, ಬೆಟ್ಟದ ಅಂಚಿನಲ್ಲಿ. ಕೆಲಸ ಕೆಳಗೆ ಕಣಿವೆಯ ತರಕಾರಿ ಶೆಡ್ಡಿನಲ್ಲಿ. ಯಾವ ಲಾರಿಯ ಕ್ಯಾರೆಟ್ಟು ಯಾವ ಊರಿಗೆ ಹೋಗಬೇಕೆಂದು ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಕೂಗುವುದೇ ಅವನ ಉದ್ಯೋಗ. ಅಂದಮೇಲೆ ದಿನವೂ ಏರು ಹತ್ತಲೇಬೇಕು, ದಿನವೂ ಮನೆಯ ಮುಂದೆ ಕಾರಿನಲ್ಲಿ ಕೂತು ಅವಳು ತಣ್ಣಗಾಗುವುದನ್ನು ಕಾಯಲೇಬೇಕು. ಅಲ್ಲಿಯ ಗಂಡಸರಿಗೆ ಕಾರೂ 'ಅವಳು', ದೋಣಿಯೂ 'ಅವಳು', ಕೆಟ್ಟ ಹವೆಯೂ 'ಅವಳು'. ರಸ್ಸೆಲ್ ಕೂಡ ಹಾಗೇ ಕರೆಯುತ್ತಿದ್ದ. ಅದರಿಂದ ಇಷ್ಟೆಲ್ಲ ಆಗಬಹುದೆಂದು ಅವನಿಗೆ ಹೊಳೆದಿರಲಿಲ್ಲ.

ನೀಲಿ ಬಣ್ಣದ ಕಾರು. ಮುಂದೆ ಎಂಜಿನ್ನಿನ ಮುಚ್ಚಳದ ಮೇಲೆ ಮೂಗಿನ ಹೊಳ್ಳೆಯಂಥ ತೂತು, ಹಿಂದೆ ಇಸ್ತ್ರಿ ಮೇಜಿನಷ್ಟು ಅಗಲದ ರೆಕ್ಕೆ. ಐವತ್ತು ದಾಟಿದ, ಮೊಣಕಾಲು ನೋವಿನ ರಸ್ಸೆಲ್ ಅದರಿಂದ ಇಳಿಯುವುದನ್ನು ನೋಡಿದರೆ, ಮಗನ ಅಂಗಿಯಲ್ಲಿ ತಲೆ ತೂರಿಸಿ ಸಿಕ್ಕಿಕೊಂಡವನನ್ನು ನೋಡಿದ ಹಾಗಿರುತ್ತಿತ್ತು. ಅದು ಬಂಕಿನಲ್ಲಿ ಎಲ್ಲಕ್ಕಿಂತ ದುಬಾರಿಯ ಪೆಟ್ರೋಲನ್ನೇ ಕುಡಿಯುತ್ತಿತ್ತು. ಎರಡು ಸಲ ಗಾಳಿಯ ರಬ್ಬರ್ ಕೊಳವೆ ಕಳಚಿಕೊಂಡು, ಏರಿನ ನಡುವೆ ಮುದುಕಿಯ ಹಾಗೆ ನಿಟ್ಟುಸಿರು ಬಿಟ್ಟಿತ್ತು. ಪ್ರತಿ ಭಾನುವಾರ ಎಣ್ಣೆಯ ಕಡ್ಡಿ ಎಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು. ಒರೆಸಿದ್ದು ಹೆಂಡತಿ ಗ್ಲೆಂಡಾಳ ಗಿಳಿಚಿತ್ರದ ಅಡುಗೆಮನೆ ಬಟ್ಟೆಯಿಂದ ಎಂಬುದು ಮೊದಲ ವಾರವೇ ಬಯಲಾಯಿತು.

ಆಗ ಗ್ಲೆಂಡಾ ಕರಾರು ಹಾಕಿದಳು. "ಒಂದು ತಿಂಗಳು ನೋಡ್ತೀನಿ ರಸ್. ಅಷ್ಟರೊಳಗೆ ಈ ಕಾರಿನ ದೆಸೆಯಿಂದ ಬೀದೀಲಿ ಒಬ್ರ ಬಾಯಿಗೆ ನಾವು ಬಿದ್ರೂ, ಮಾರನೇ ದಿನ ಇದು ರಸ್ತೆ ಪಕ್ಕದ ಹುಲ್ಲಿನ ಮೇಲೆ, ಗಾಜಿಗೆ 'ಮಾರಾಟಕ್ಕಿದೆ' ಅಂತ ಬೋರ್ಡು."

ಆ ತಿಂಗಳಿಗೆ ಅಂದು ಕೊನೆಯ ದಿನ.

ಸಂಜೆ ರಸ್ಸೆಲ್ ಹಂದಿಗಳ ಲಾರಿಯೊಂದರ ಹಿಂದೆ ಸಿಕ್ಕಿ, ಅದನ್ನು ದಾಟುವಾಗ ಟರ್ಬೊ ಶಿಳ್ಳೆ ಹೊಡೆದದ್ದನ್ನು ಕೇಳಿ ಪುಳಕಗೊಂಡು, ಮನೆಯಂಗಳ ಸೇರಿದ. ಗಾಜು ಇಳಿಸಿದ, ಸೀಟಿಗೆ ಒರಗಿದ, ಕಣ್ಣು ಮುಚ್ಚಿದ. ಎಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಡುತ್ತಿತ್ತು. ಫೋನಿಲ್ಲ, ಕ್ಯಾರೆಟ್ಟಿಲ್ಲ. ನಿಜ ಹೇಳಬೇಕೆಂದರೆ ಕಾರಿಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಅವನು ಹಾಗೆ ಕೂರುತ್ತಿದ್ದ.

"ರಸ್ಸೆಲ್, ಕಂದಾ..."

ಕಣ್ಣು ಬಿಟ್ಟರೆ ಎದುರು ಮನೆಯ ಮಾವೀಸಮ್ಮ. ಎಂಬತ್ತರ ವಿಧವೆ, ಬೀದಿಯಲ್ಲಿ ಯಾರಿಗೆ ನೆಗಡಿಯಾದರೂ ಮೊದಲು ಸೀನುವುದು ಅವಳೇ.

"ದಿನಾ ನೋಡ್ತೀನಪ್ಪಾ, ಒಬ್ನೇ ಕೂತಿರ್ತೀಯ. ಒಳಗೆ ಹೋಗಲ್ವಾ?"

"ಹೋಗ್ತೀನಿ ಮಾವೀಸ್. ಅವಳು ಸ್ವಲ್ಪ ತಣ್ಣಗಾಗ್ಲಿ ಅಂತ ಕಾಯ್ತಿದೀನಿ."

ಮಾವೀಸಮ್ಮ ಅಡುಗೆಮನೆಯ ಕಿಟಕಿಯತ್ತ ನೋಡಿದಳು. ಒಳಗೆ ಗ್ಲೆಂಡಾ ಏನನ್ನೋ ರಪರಪ ಕತ್ತರಿಸುತ್ತಿದ್ದಳು. "ದಿನಾ ಇಷ್ಟೊಂದು ಬಿಸಿನಾ?" ಎಂದಳು, ದನಿ ತಗ್ಗಿಸಿ.

"ಏನು ಮಾಡೋದು ಹೇಳಿ, ಅವಳ ಸ್ವಭಾವವೇ ಹಾಗೆ. ನಾವೇ ಸುಧಾರಿಸ್ಕೊಂಡು ಹೋಗ್ಬೇಕು. ಮೊದಲಿದ್ದೋನು ಬಹಳ ಒರಟಾಗಿ ನಡೆಸ್ಕೊಂಡಿದಾನೆ ಅನ್ಸುತ್ತೆ. ನಾನಾದ್ರೂ ಚೆನ್ನಾಗಿ ನೋಡ್ಕೋಬೇಕಲ್ಲ."

ಗ್ಲೆಂಡಾಳಿಗೆ ರಸ್ಸೆಲ್ ಎರಡನೆಯ ಗಂಡ. ಮೊದಲಿನವನ ಸುದ್ದಿಯನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹಾಗಾಗಿ ಅದು ಬೀದಿಗೆಲ್ಲ ಚೆನ್ನಾಗಿ ಗೊತ್ತಿತ್ತು.

"ನನಗೆ ಆವತ್ತೇ ಅನುಮಾನ ಇತ್ತು," ಎಂದಳು ಮಾವೀಸಮ್ಮ. ಕಣ್ಣು ಒದ್ದೆಯಾಗಿತ್ತು. ಕಾರಿನ ಕಿಟಕಿಯೊಳಗೆ ಕೈಹಾಕಿ ಅವನ ಕೆನ್ನೆ ತಟ್ಟಿ, "ನೀನು ದೇವರಂಥೋನು" ಎಂದು ಹೊರಟುಹೋದಳು.

ಕಾರಿನ ಮೇಲೆ ಈ ಮುದುಕಿಗೆ ಇಷ್ಟು ಕರುಣೆಯೇ ಎಂದು ರಸ್ಸೆಲ್‌ನ ಮನಸ್ಸು ತುಂಬಿಬಂತು. ಆ ಖುಷಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತು, ಆರಿಸೋಣವೆಂದು ಕೈ ಚಾಚಿದನೋ ಇಲ್ಲವೋ, ಪಕ್ಕದ ಬಾಗಿಲು ತೆರೆಯಿತು. ಪಕ್ಕದ ಮನೆಯ ಕೋಲ್ ಒಳಗೆ ಬಂದು ಕೂತ. ಅವನ ತಲೆಯ ಮೇಲೆ ಐಸ್‌ಕ್ರೀಮಿನ ಖಾಲಿ ಡಬ್ಬಿ ಬೋರಲಾಗಿತ್ತು. ಮರಿ ಕಾಯುವ ಮ್ಯಾಗ್ಪೈ ಹಕ್ಕಿಗಳು ಜನರ ತಲೆಗೆ ಎರಗುವ ಕಾಲವಾದ್ದರಿಂದ ಅದಕ್ಕೆ ಯಾರೂ ನಗುತ್ತಿರಲಿಲ್ಲ.

ಕೋಲ್ ಮಾತಾಡಲಿಲ್ಲ. ಮುಂದಿನ ಗಾಜನ್ನೇ ನೋಡುತ್ತ ಕೂತ. ನಿವೃತ್ತ ಗಂಡಸರು ಸೇರಿ ಮರಗೆಲಸ ಮಾಡುವ ಶೆಡ್ಡೊಂದಕ್ಕೆ ಅವನು ಹೋಗುತ್ತಿದ್ದ. ನೊಂದ ಗಂಡಸನ್ನು ಎದುರು ಕೂರಿಸಿಕೊಂಡು ಕೇಳಬಾರದು, ಪಕ್ಕದಲ್ಲಿ ಸುಮ್ಮನೆ ಕೂರಬೇಕು, ತಾನಾಗೇ ಬಾಯಿ ಬಿಡುತ್ತಾನೆ ಎಂದು ಅಲ್ಲಿ ಯಾರೋ ಬಂದು ಹೇಳಿಕೊಟ್ಟಿದ್ದರು. ಕೋಲ್ ಅದನ್ನು ಅಕ್ಷರಶಃ ಪಾಲಿಸುತ್ತಿದ್ದ.

ಅವನು ಸುಮ್ಮನಿದ್ದ, ಇವನೂ ಸುಮ್ಮನಿದ್ದ. ಡಬ್ಬಿ ಮಾತ್ರ ಎಂಜಿನ್ನಿನ ಅದುರುವಿಕೆಗೆ ಸಣ್ಣಗೆ ಟಕಟಕ ಎನ್ನುತ್ತಿತ್ತು. ಕೊನೆಗೆ ಕೋಲ್‌ಗೇ ತಡೆಯಲಾಗಲಿಲ್ಲ.

"ಮಾವೀಸ್ ಹೇಳಿದ್ಲು ಮಾರಾಯ. ನನ್ನ ಹಿತ್ತಿಲ ಶೆಡ್ಡಲ್ಲಿ ಜಾಗ ಇದೆ. ಎಷ್ಟು ದಿನ ಬೇಕಾದ್ರೂ ಸರಿ, ಸಂಕೋಚ ಬೇಡ."

ರಸ್ಸೆಲ್ ಅವನ ಕೈ ಹಿಡಿದು ಕುಲುಕಿದ. "ನಿಜವಾಗ್ಲೂನಾ ಕೋಲ್? ಎಂಥ ಉಪಕಾರ! ಪಾಪ, ರಾತ್ರಿಯೆಲ್ಲ ಇಬ್ಬನೀಲಿ ಹೊರಗೇ ಬಿಡ್ತಿದೀನಿ ಅವಳನ್ನ."

ಕೋಲ್ ನಿಧಾನವಾಗಿ ಅವನತ್ತ ತಿರುಗಿದ. "ಹೊರಗೆ ಬಿಡ್ತೀಯಾ?"

"ಸುಮ್ನೆ ಅಲ್ಲಪ್ಪ. ಮೇಲೆ ಟಾರ್ಪಾಲು ಹೊದಿಸ್ತೀನಿ. ನಾಲ್ಕೂ ಕಡೆ ಇಟ್ಟಿಗೆ ಇಡ್ತೀನಿ, ಗಾಳಿಗೆ ಹಾರಬಾರದಲ್ಲ."

"ಗ್ಲೆಂಡಾ ಮೇಲೆ ಇಟ್ಟಿಗೆ ಇಡ್ತೀಯಾ?"

"ಗ್ಲೆಂಡಾ ಮೇಲೆ ಯಾಕೋ ಇಡ್ಲಿ? ಕಾರು ಕಣೋ! ಕಾರಿನ ಮಾತಾಡ್ತಿದೀನಿ ನಾನು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾವೀಸಮ್ಮ ಕೆನ್ನೆ ತಟ್ಟಿದ್ದು, ದೇವರಂಥೋನು ಎಂದದ್ದು, ಎಲ್ಲ ರಸ್ಸೆಲ್‌ಗೆ ಒಂದೊಂದಾಗಿ ಅರ್ಥವಾಗುತ್ತ ಹೋಯಿತು. "ಮಾವೀಸ್ ಎಲ್ಲಿ ಈಗ?" ಎಂದ.

"ಅದೇ... ಗ್ಲೆಂಡಾನ ಸಮಾಧಾನ ಮಾಡ್ತೀನಿ ಅಂತ ಮೀನಿನ ಅಡುಗೆ ಹಿಡ್ಕೊಂಡು ನಿಮ್ಮ ಹಿತ್ತಿಲ ಬಾಗಿಲಿಂದ ಒಳಗೆ ಹೋದ್ಲು."

ಮುಂಬಾಗಿಲು ದಡಾರೆಂದು ತೆರೆಯಿತು. ಗ್ಲೆಂಡಾ ಬಂದಳು. ಎರಡೂ ಕೈಯಲ್ಲಿ ಮಾವೀಸಮ್ಮನ ಟ್ಯೂನಾ ಮೀನಿನ ಅಡುಗೆಯ ಬಿಸಿ ಪಾತ್ರೆ. ಹಿಂದೆ ಕೈ ಹಿಸುಕಿಕೊಳ್ಳುತ್ತ ಮಾವೀಸಮ್ಮ. ಕೋಲ್ ತನ್ನ ಡಬ್ಬಿಯನ್ನು ಸರಿಮಾಡಿಕೊಂಡು ಸದ್ದಿಲ್ಲದೆ ಕಾರಿನಿಂದ ಜಾರಿದ.

"ರಸ್ಸೆಲ್ ಟಿಪ್ಪೆಟ್! ನನ್ನ ಸ್ವಭಾವ ಬಿಸಿಯಂತೆ! ಮೊದಲಿದ್ದೋನು ನನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲವಂತೆ! ನೀನು ಸುಧಾರಿಸ್ಕೊಂಡು ಹೋಗ್ತಿದೀಯಂತೆ!"

"ಅದು ನೀನಲ್ಲ ಗ್ಲೆನ್, ಟರ್ಬೊ..."

"ಕೊನೇ ದಿನ ಇವತ್ತು. ಬೀದಿಯೆಲ್ಲ ನನ್ನ ಬಗ್ಗೆ ಮಾತಾಡೋ ಹಾಗೆ ಮಾಡಿದೆ. ನಾಳೆ ಬೆಳಗ್ಗೆ ಇದು ಹುಲ್ಲಿನ ಮೇಲೆ. ಬೋರ್ಡು ನಾನೇ ಬರೀತೀನಿ."

ಆಚೀಚೆ ಮನೆಗಳ ಪರದೆಗಳು ಅಲುಗಾಡಿದವು. ಗ್ಲೆಂಡಾ ಅದನ್ನು ಕಂಡಳು. ಮಿಕ್ಕದ್ದನ್ನು ಬೀದಿಗೆ ಕೇಳಿಸದಂತೆ ಹೇಳಲು ಕೋಲ್ ಬಿಟ್ಟ ಸೀಟಿನಲ್ಲಿ ಕೂತು, ಪಾತ್ರೆಯನ್ನು ಇಬ್ಬರ ನಡುವೆ ಇಟ್ಟು, ಬಾಗಿಲು ಎಳೆದುಕೊಂಡು, ಗಾಜು ಏರಿಸಿದಳು. ಬಾಯಿ ತೆರೆದಳು.

ಆದರೆ ಒಳಗೆ ಏನೋ ಬೇರೆಯೇ ಇತ್ತು. ಬೀದಿಯ ಸದ್ದು ಕತ್ತರಿಸಿದಂತೆ ನಿಂತಿತ್ತು. ಗುರುಗುಟ್ಟುವ ಎಂಜಿನ್ನು ಬೆನ್ನನ್ನು ಮೆಲ್ಲಗೆ ತಟ್ಟುತ್ತಿತ್ತು. ಗ್ಲೆಂಡಾಳ ಕೆಲಸ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಸ್ವಾಗತದ ಮೇಜಿನಲ್ಲಿ; ಕೆನ್ನೆ ಊದಿಸಿಕೊಂಡು ಬಂದವರ ಬೈಗುಳವನ್ನೆಲ್ಲ ದಿನವಿಡೀ ನಗುನಗುತ್ತ ನುಂಗುವುದು ಅವಳ ಪಾಲಿಗೆ ಬಂದದ್ದು. ಆ ದಿನ ಮೂವರು ಬೈದಿದ್ದರು.

ಅವಳು ತೆರೆದ ಬಾಯಿಯನ್ನು ಮುಚ್ಚಿದಳು. ಮೆಲ್ಲಗೆ ಒರಗಿದಳು.

ಪಾತ್ರೆಯ ಮುಚ್ಚಳದ ಮೇಲೆ ಕರವಸ್ತ್ರದಲ್ಲಿ ಸುತ್ತಿದ ಎರಡು ಚಮಚಗಳಿದ್ದವು. ಜಗಳ ಆಡಿದವರಿಗೆ ಹಸಿವಾಗುತ್ತದೆಂದು ಮಾವೀಸಮ್ಮನಿಗೆ ಗೊತ್ತಿತ್ತು. ರಸ್ಸೆಲ್ ಒಂದನ್ನು ಬಿಚ್ಚಿ ಹೆಂಡತಿಯ ಕೈಗಿಟ್ಟ. ಇಬ್ಬರೂ ಒಂದೇ ಪಾತ್ರೆಯಿಂದ ತಿಂದರು.

"ದಿನಾ ಇಲ್ಲಿ ಕೂತು ಇದನ್ನೇನಾ ಮಾಡೋದು ನೀನು?" ಎಂದಳು ಗ್ಲೆಂಡಾ.

"ಹ್ಞೂಂ. ಸುಮ್ನೆ ಕೂರ್ತೀನಿ."

"ಒಬ್ರೂ ಏನೂ ಕೇಳಲ್ವಾ?"

"ಇವತ್ತಿನವರೆಗೆ ಕೇಳಿರಲಿಲ್ಲ."

ಗ್ಲೆಂಡಾ ನಕ್ಕಳು. ಇಟ್ಟಿಗೆಯ ಮಾತು ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮುಂದಿನ ಹಲಗೆಯನ್ನು ಅಂಗೈಯಿಂದ ಸವರಿ, "ಮಾರೋದು ಬೇಡ. ಇರ್ಲಿ ಇವಳು" ಎಂದಳು.

ಆ ರಾತ್ರಿ ರಸ್ಸೆಲ್ ಲಾಟರಿ ಹೊಡೆದವನಂತೆ ಮಲಗಿದ.

ಬೆಳಗ್ಗೆ ಎದ್ದು ನೋಡಿದರೆ ಗೂಟದ ಮೇಲೆ ನೀಲಿ ಕಾರಿನ ಬೀಗದ ಕೈ ಇಲ್ಲ. ಅದು ಗ್ಲೆಂಡಾಳ ಬೆರಳಲ್ಲಿ ತಿರುಗುತ್ತಿತ್ತು. ಅವಳ ಪುಟ್ಟ ಬಿಳಿ ಕಾರಿನ ಬೀಗದ ಕೈ ಅವನ ಚಹಾ ಬಟ್ಟಲಿನ ಪಕ್ಕದಲ್ಲಿತ್ತು.

"ಇವತ್ತಿಂದ ಇವಳು ನನಗಿರ್ಲಿ. ನೀನು ನನ್ನದರಲ್ಲಿ ಹೋಗು."

"ಅಲ್ಲ ಗ್ಲೆನ್... ನಿನ್ನ ಕ್ಲಿನಿಕ್ಕು ಇಲ್ಲೇ ಮೇಲೇ ಇದೆ. ದಾರೀಲಿ ಒಂದು ಏರೂ ಇಲ್ಲ. ಅವಳು ಬಿಸೀನೇ ಆಗಲ್ಲ!"

"ಬಿಸಿ ಆಗೋದಕ್ಕೆ ನಾನಿದೀನಲ್ಲ," ಎಂದು ಗ್ಲೆಂಡಾ ಹೊರಟಳು. ತಿರುವಿನಲ್ಲಿ ಟರ್ಬೊ ಶಿಳ್ಳೆ ಹೊಡೆದದ್ದು ಅಡುಗೆಮನೆಯವರೆಗೂ ಕೇಳಿಸಿತು.

ಸಂಜೆ ರಸ್ಸೆಲ್ ಬಿಳಿ ಕಾರಿನಲ್ಲಿ ಏರು ಹತ್ತಿದ. ಹಂದಿಗಳ ಲಾರಿಯೇ ಅವನನ್ನು ದಾಟಿ ಹೋಯಿತು. ಹಂದಿಗಳು ಹಿಂದಿರುಗಿ ನೋಡಿದಂತೆಯೂ ಅನ್ನಿಸಿತು. ಮನೆಯಂಗಳದಲ್ಲಿ ನೀಲಿ ಕಾರು ಆಗಲೇ ಗುರುಗುಡುತ್ತಿತ್ತು. ಒಳಗೆ ಗ್ಲೆಂಡಾ, ಕಣ್ಣು ಮುಚ್ಚಿ ಒರಗಿದ್ದಳು. ಮಡಿಲಲ್ಲಿ ಮಾವೀಸಮ್ಮನ ನಿಂಬೆ ಕೇಕಿನ ತಟ್ಟೆ.

ರಸ್ಸೆಲ್ ಅದರ ಹಿಂದೆಯೇ ನಿಲ್ಲಿಸಿದ. ಆರಿಸಲಿಲ್ಲ. ಗಾಜು ಇಳಿಸಿ, ಸೀಟಿಗೆ ಒರಗಿ, ಅವನೂ ಕಣ್ಣು ಮುಚ್ಚಿದ. ಬಿಳಿ ಕಾರು ಹೊಲಿಗೆ ಯಂತ್ರದಂತೆ ಕಟಕಟ ಎನ್ನುತ್ತಿತ್ತು. ಆದರೂ ಏನೋ ಒಂದಿಷ್ಟು.

ಭುಜವನ್ನು ಯಾರೋ ತಟ್ಟಿದರು.

"ಇದಕ್ಕೆ ಟರ್ಬೊ ಇಲ್ವಲ್ಲಪ್ಪಾ," ಎಂದಳು ಮಾವೀಸಮ್ಮ, ಬಹಳ ಅಕ್ಕರೆಯಿಂದ. "ಕೋಲ್ ನನಗೆಲ್ಲ ಬಿಡಿಸಿ ಹೇಳಿದ. ಸುಮ್ನೆ ಯಾಕೆ ಪೆಟ್ರೋಲು ಸುಡ್ತೀಯ? ಆರಿಸು, ಆರಿಸು. ಒಳಗೆ ಹೋಗಿ ನಾಲ್ಕು ಆಲೂಗಡ್ಡೆ ಸುಲಿದಿಡು, ಕಂದಾ. ಅವಳು ತಣ್ಣಗಾಗ್ಲಿ, ಪಾಪ."