ಲೂಥರ್ ಪೈಕ್ ಹೇಳಿದ ಮಾತು

ಆ ಶನಿವಾರ ಬೆಳಿಗ್ಗೆ ಡೋನಟ್ ತರಲು ಹೋದ ವರ್ನನ್ ಟಟಲ್ ಬರಿಗೈಯಲ್ಲಿ ಮನೆಗೆ ಬಂದ. ಸಿನಿಮಾದವರ ಊರಾದ ಬರ್ಬ್ಯಾಂಕಿನ ಆ ಅಂಗಡಿಯ ಗಾಜಿಗೆ ಅಂಟಿಸಿದ್ದ ಪೋಸ್ಟರೊಂದು ಅವನ ಹಸಿವನ್ನೇ ನುಂಗಿಹಾಕಿತ್ತು. 'ಮರೆತುಹೋದ ಮಹಾನ್ ನಿರ್ದೇಶಕ ಲೂಥರ್ ಪೈಕ್ ಅವರ ಚಿತ್ರಗಳು, ಇಂದು ಮಧ್ಯಾಹ್ನ. ಅವರನ್ನು ಬಲ್ಲವರಿದ್ದರೆ ದಯವಿಟ್ಟು ಬನ್ನಿ.'

"ವಿಲ್ಮಾ, ನನ್ನ ಮಹಾನ್ ಅಂತ ಬರ್ದಿದಾರೆ," ಎಂದ ಹೆಂಡತಿಗೆ.

"ನಿನ್ನನ್ನಾ? ಯಾರು ಆ ಪುಣ್ಯಾತ್ಮರು?"

"ನನ್ನನ್ನಲ್ಲ. ಲೂಥರ್ ಪೈಕ್‌ನ."

ವಿಲ್ಮಾ ಕಾಫಿ ಲೋಟ ಕೆಳಗಿಟ್ಟಳು. ಲೂಥರ್ ಪೈಕ್ ಎಂಬ ಮನುಷ್ಯ ಭೂಮಿಯ ಮೇಲೆ ಹುಟ್ಟೇ ಇಲ್ಲ ಎಂಬುದು ಅವಳಿಗೆ ಗೊತ್ತು. ನಿರ್ಮಾಪಕರು ಚಿತ್ರವನ್ನು ಕುಲಗೆಡಿಸಿದರೆ ನಿರ್ದೇಶಕ ತನ್ನ ಹೆಸರು ತೆಗೆಸಿ ಸುಳ್ಳು ಹೆಸರು ಹಾಕಿಸುವುದು ಆ ಸಿನಿಮಾ ಮಂದಿಯ ವಾಡಿಕೆ. ವರ್ನನ್ ಮೂರು ಸಲ ಹಾಗೆ ಮಾಡಿ ಪೈಕನನ್ನು ಹುಟ್ಟಿಸಿದ್ದ. ಸ್ವಂತ ಹೆಸರಿನಲ್ಲಿ ತೆಗೆದದ್ದು ಹನ್ನೊಂದು, ಎಲ್ಲವೂ ಗಂಭೀರ. ಅವುಗಳಲ್ಲಿ ವಿಧವೆಯರು ಗೋಧಿ ಹೊಲ ನೋಡುತ್ತ ಬಹಳ ಹೊತ್ತು ನಿಲ್ಲುತ್ತಿದ್ದರು. ಪ್ರೇಕ್ಷಕರು ಅಷ್ಟು ಹೊತ್ತು ಕೂರುತ್ತಿರಲಿಲ್ಲ. ಎಪ್ಪತ್ತು ದಾಟಿದರೂ ಅವನ ಚಿತ್ರಕ್ಕೆ ಒಬ್ಬರಾದರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಿಲ್ಲ. ಸಾಯುವ ಮುಂಚೆ ಅದೊಂದನ್ನು ಕೇಳಬೇಕೆಂಬ ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

"ಹೋಗು ಮತ್ತೆ. ನಾನು ಟಟಲ್, ಅವೂ ನನ್ನ ಚಿತ್ರಗಳೇ ಅಂತ ಹೇಳು," ಎಂದಳು ವಿಲ್ಮಾ.

"ಯಾವ ಮುಖ ಇಟ್ಕೊಂಡು ಹೇಳ್ಲಿ? ಪೈಕ್ ಕೈಗೆ ಕ್ಯಾಮೆರಾ ಕೊಡೋದೂ ಒಂದೇ, ಕೋತಿ ಕೈಗೆ ಮಾಣಿಕ್ಯ ಕೊಡೋದೂ ಒಂದೇ ಅಂತ ನಾನೇ ಪೇಪರಿಗೆ ಬರ್ದಿದ್ದೆನಲ್ಲ, ಯಾರಿಗೂ ಅನುಮಾನ ಬರದಿರಲಿ ಅಂತ."

ಬೇಲಿಯಾಚೆ ಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಗಸ್‌ನ ಕಿವಿ ಈ ಕಡೆಯೇ ಇತ್ತು. ಅವನು ವರ್ನನ್‌ನ ಚಿತ್ರಗಳಿಗೆಲ್ಲ ಲೈಟ್ ಹಿಡಿದವನು. ಪರರ ಮನೆಯ ವಿಷಯವೆಂದರೆ ಊಟ ಬಿಟ್ಟು ಬರುವ ಆಸಾಮಿ.

"ಹಂಗಾದ್ರೆ ಟಟಲ್ ಅನ್ನಲೇಬೇಡ. ಪೈಕ್ ಅಂತಲೇ ಹೋಗು. ಸಾಕ್ಷಿಗೆ ನಾನಿಲ್ವಾ?"

"ಸುಳ್ಳು ಹೇಳಿದೋನಿಗೆ ಸುಳ್ಳಿನ ಸಾಕ್ಷಿ. ಚೆನ್ನಾಗಿದೆ ಜೋಡಿ," ಎಂದು ವಿಲ್ಮಾ ಗೊಣಗಿದಳು. ಆದರೂ ಕಾರಿನಲ್ಲಿ ಮೊದಲು ಹತ್ತಿ ಕುಳಿತವಳು ಅವಳೇ.

ಚಿತ್ರಮಂದಿರ ಕಿಕ್ಕಿರಿದಿತ್ತು. ಗುರುತು ಸಿಗದಿರಲೆಂದು ಗಸ್‌ನ ಕಪ್ಪು ಕನ್ನಡಕ ಹಾಕಿಕೊಂಡಿದ್ದ ವರ್ನನ್ ಕತ್ತಲಲ್ಲಿ ಏನೂ ಕಾಣದೆ, ಹೋಗಿ ಒಬ್ಬ ಹೆಂಗಸಿನ ಪಾಪ್‌ಕಾರ್ನ್ ಮೇಲೆ ಕುಳಿತ. ಅವಳ ಹತ್ತಿರ ಬೈಸಿಕೊಂಡು ಎದ್ದು ಮೆಟ್ಟಿಲ ಮೇಲೆ ಕುಳಿತದ್ದಾಯಿತು. ತೆರೆಯ ಮೇಲೆ ಕಾರಿನ ಗಾತ್ರದ ಏಡಿಯೊಂದು ಗಾಲ್ಫ್ ಆಡುವವರನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು; ಕೊನೆಗೆ ಏಡಿ ಸತ್ತಾಗ ಅತ್ತವರೂ ಇದ್ದರು.

ದೀಪ ಹತ್ತಿದ್ದೇ ತಡ, ಗಸ್ ಎದ್ದು ನಿಂತ. "ಇದನ್ನ ತೆಗ್ದೋರು ಇಲ್ಲೇ ಮೆಟ್ಲ ಮೇಲೆ ಕೂತಿದಾರೆ. ಆಣೆ ಮಾಡಿ ಹೇಳ್ತೀನಿ, ಇವರೇ ಲೂಥರ್ ಪೈಕ್."

ಚಿತ್ರ ಸಂಘದ ಅಧ್ಯಕ್ಷೆ ಪ್ರಿಸಿಲ್ಲಾ ಮೈಕ್ ಹಿಡಿದು ಓಡಿಬಂದಳು. "ನೀವು ನಿಜವಾಗ್ಲೂ ಅವರೇ ಆದ್ರೆ ಹೇಳಿ ಸರ್, ಏಡಿ ಪೊದೆಗೆ ನುಗ್ಗೋದನ್ನ ಹೇಗೆ ತೆಗೆದ್ರಿ?"

"ನಾನು ತೆಗೀಲಿಲ್ಲಮ್ಮ, ಅದೇ ನುಗ್ತು. ಏಡಿ ಒಳಗೆ ಗಾಡಿ ಓಡಿಸ್ತಿದ್ದೋನು ನನ್ನ ಹೆಂಡ್ತಿ ತಮ್ಮ. ಅವನಿಗೆ ಬ್ರೇಕ್ ಎಲ್ಲಿದೆ ಅಂತ ಗೊತ್ತಿರ್ಲಿಲ್ಲ."

ಇಡೀ ಸಭೆ ಎದ್ದು ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ವರ್ನನ್‌ನನ್ನು ವೇದಿಕೆಗೆ ಹೊತ್ತುಕೊಂಡೇ ಹೋದರು. ಕನ್ನಡಕದ ಹಿಂದೆ ಅವನು ಧಾರಾಳವಾಗಿ ಅತ್ತ.

"ಸರ್, ನಿಮ್ಮನ್ನ ಕೋತಿಗೆ ಹೋಲಿಸಿ ಒಬ್ಬರು ಬರ್ದಿದ್ರು. ವರ್ನನ್ ಟಟಲ್ ಅಂತ," ಎಂದಳು ಪ್ರಿಸಿಲ್ಲಾ. ಸಭೆಯಲ್ಲಿ ಛೀ, ಥೂ ಎಂಬ ಸದ್ದು ಎದ್ದಿತು. "ಅವರ ಚಿತ್ರಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

ವಿಲ್ಮಾ ಕೆಳಗಿನಿಂದ ಬೇಡ ಬೇಡವೆಂದು ತಲೆಯಾಡಿಸಿದಳು. ಆದರೆ ಚಪ್ಪಾಳೆಯ ರುಚಿ ಹತ್ತಿದವನಿಗೆ ಹೆಂಡತಿಯ ತಲೆ ಕಾಣುತ್ತದೆಯೇ?

"ಟಟಲ್? ಅವನಿಗೆ ಹೊಟ್ಟೆಕಿಚ್ಚು ಕಣ್ರೀ. ಅವನ ಹನ್ನೊಂದು ಚಿತ್ರಾನೂ ಸುಟ್ಟುಹಾಕಿದ್ರೆ ಲೋಕಕ್ಕೆ ಉಪಕಾರ."

ಜನ ಶಿಳ್ಳೆ ಹೊಡೆದರು. ಪ್ರಿಸಿಲ್ಲಾ ನಿಟ್ಟುಸಿರು ಬಿಟ್ಟಳು. "ಒಂದು ದೊಡ್ಡ ಭಾರ ಇಳೀತು ಸರ್. ಮುಂದಿನ ತಿಂಗಳು ಟಟಲ್ ಅವರ ಅಷ್ಟೂ ಚಿತ್ರ ತೋರಿಸಿ, ಅವರಿಗೆ ಇದೇ ವೇದಿಕೇಲಿ ಸನ್ಮಾನ ಮಾಡ್ಬೇಕು ಅಂತಿದ್ವಿ. ನಾಳೆ ಅವರ ಮನೆಗೆ ಹೋಗಿ ಕರೆಯೋದಿತ್ತು. ಸಂಘದಲ್ಲಿ ಅರ್ಧ ಜನ ಬೇಡ ಅಂತಿದ್ರು. ನೀವೇ ಹೇಳಿದ ಮೇಲೆ ಮುಗೀತು, ನಿಲ್ಲಿಸಿಬಿಡ್ತೀವಿ."

ವರ್ನನ್ ಕನ್ನಡಕ ಕಿತ್ತೆಸೆದ. "ತಡಿಯಮ್ಮ, ನಿಲ್ಲಿಸ್ಬೇಡ. ನಾನೇ ಟಟಲ್."

ಯಾರೂ ನಂಬಲಿಲ್ಲ. ಅವನು ಕೆಳಗೆ ನೋಡಿದ. "ಗಸ್, ನೀನಾದ್ರೂ ಹೇಳೋ."

"ಏನಂತ ಹೇಳ್ಲಿ? ಈಗ ತಾನೆ ಪೈಕ್ ಅಂತ ಆಣೆ ಮಾಡಿದೀನಲ್ಲ," ಎಂದು ಗಸ್ ತಲೆ ತಗ್ಗಿಸಿದ.

ಪ್ರಿಸಿಲ್ಲಾಳ ಕಣ್ಣು ತುಂಬಿಬಂತು. ವರ್ನನ್‌ನ ಕೈ ಹಿಡಿದು ಸಭೆಗೆ ಹೇಳಿದಳು: "ನೋಡಿದ್ರಾ? ತಮ್ಮನ್ನ ಕೋತಿ ಅಂದೋನ ಸನ್ಮಾನ ಉಳಿಸೋದಕ್ಕೆ ಆ ಕೆಟ್ಟ ಹೆಸರನ್ನ ತಾವೇ ತಲೆ ಮೇಲೆ ಹೊತ್ಕೊಳ್ತಿದಾರೆ. ಇದಕ್ಕೇ ದೊಡ್ಡೋರು ಅನ್ನೋದು."

ಸಭೆ ಮತ್ತೊಮ್ಮೆ ಎದ್ದು ನಿಂತಿತು. ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು.